ಕುಡಿದವನಷ್ಟೇ ಅಲ್ಲ, ಕುಡಿಸಿದವನ ಹೊಣೆಯೂ ಇದೆ

ಹಾಸನದ ನ್ಯಾಯಾಲಯದಲ್ಲಿ ಅಪಘಾತ ಪರಿಹಾರದ ಪ್ರಕರಣ ನಡೆಸುವ ವಕೀಲರಿಗೆ, ಕುಡಿದು ವಾಹನ ಓಡಿಸಿದವನಿಂದ ಮನೆಯವರನ್ನು ಕಳೆದುಕೊಂಡವರು ಕೇಳುವ ಪ್ರಶ್ನೆಯೊಂದಿದೆ: "ಸಾರ್, ನಿಲ್ಲೋಕಾಗದಷ್ಟು ಕುಡಿದಿದ್ದವನಿಗೆ ಮತ್ತೆ ಹಾಕಿಕೊಟ್ಟ ಬಾರ್‌ನವರ ಮೇಲೆ ಕೇಸಿಲ್ವಾ?" ಬಹುತೇಕ ಕಡತಗಳಲ್ಲಿ ಇರುವುದಿಲ್ಲ. ಆದರೆ ಅದಕ್ಕೆ ಕಾರಣ ಕಾನೂನು ಪೂರ್ತಿ ಮೌನವಾಗಿರುವುದಲ್ಲ; ಆ ದಿಕ್ಕಿನಲ್ಲಿ ತನಿಖೆಯೇ ನಡೆಯದಿರುವುದು.

ಅಮಲೇರಿದ ವ್ಯಕ್ತಿಗೆ ಮದ್ಯ ಮಾರಬಾರದು ಎಂಬುದು ಕರ್ನಾಟಕದಲ್ಲಿ 1967ರಿಂದಲೂ ಅಬಕಾರಿ ಸನ್ನದಿನ ಸಾಮಾನ್ಯ ಷರತ್ತುಗಳಲ್ಲಿ ಒಂದು. ಷರತ್ತು ಮುರಿದರೆ ಸನ್ನದನ್ನು ಅಮಾನತು ಮಾಡುವ, ರದ್ದುಪಡಿಸುವ ಅಧಿಕಾರವನ್ನು 1965ರ ಅಬಕಾರಿ ಕಾಯ್ದೆ ಇಲಾಖೆಗೆ ಕೊಟ್ಟಿದೆ. ಇದಲ್ಲದೆ ಮೋಟಾರು ವಾಹನ ಕಾಯ್ದೆಯ 188ನೇ ಕಲಮು, ಕುಡಿದು ವಾಹನ ಓಡಿಸುವ ಅಪರಾಧಕ್ಕೆ ದುಷ್ಪ್ರೇರಣೆ ನೀಡಿದವನಿಗೂ ಚಾಲಕನಿಗೆ ಸಿಗುವ ಶಿಕ್ಷೆಯನ್ನೇ ವಿಧಿಸುತ್ತದೆ. ಬರೀ ಗ್ಲಾಸು ತುಂಬಿಸಿದ್ದು ದುಷ್ಪ್ರೇರಣೆಯಾಗುವುದಿಲ್ಲ, ನಿಜ. ಆದರೆ ಗಿರಾಕಿ ತೂರಾಡುವುದನ್ನು ಕಣ್ಣಾರೆ ಕಂಡು, ಅವನೇ ಓಡಿಸಿಕೊಂಡು ಹೋಗುತ್ತಾನೆಂದು ತಿಳಿದೂ ಕಾರಿನ ಕೀಲಿಯನ್ನು ಅವನ ಕೈಗಿತ್ತು ಗೇಟು ತೆಗೆದವರ ವಿಷಯ ಬೇರೆ. ಇಂಥ ಸಂಗತಿಗಳಲ್ಲಿ ಈ ಕಲಮನ್ನು ಹಚ್ಚಲು ಪೊಲೀಸರು ಹಿಂಜರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಪರಿಹಾರದ ಹಾದಿ ಇದಕ್ಕಿಂತ ಕಠಿಣ. ಅಮೆರಿಕದ ಹಲವು ರಾಜ್ಯಗಳಲ್ಲಿ, ಅಮಲೇರಿದವನಿಗೆ ಮದ್ಯ ಕೊಟ್ಟ ಅಂಗಡಿಯ ಮೇಲೆ ಸಂತ್ರಸ್ತರು ನೇರವಾಗಿ ದಾವೆ ಹೂಡಲು ಪ್ರತ್ಯೇಕ ಶಾಸನವೇ ಇದೆ. ಶಾಸನದ ನೆರವಿಲ್ಲದೆ ಬರೀ ನಿರ್ಲಕ್ಷ್ಯದ ತತ್ತ್ವದಿಂದಲೇ ಅಲ್ಲಿಗೆ ತಲುಪಿದ್ದು ಕೆನಡಾದ ಸುಪ್ರೀಂ ಕೋರ್ಟ್. ಒಂಟಾರಿಯೊದ ಹೆದ್ದಾರಿ ಬದಿಯ ಹೋಟೆಲೊಂದರವರು, ಅತಿಯಾಗಿ ಕುಡಿಯುವ ಚಾಳಿ ತಮಗೆ ಮೊದಲೇ ಗೊತ್ತಿದ್ದ ಗಿರಾಕಿಗೆ ಕುಡಿಸಿ, ಅಮಲೇರಿದ ಮೇಲೆ ಜನವರಿಯ ರಾತ್ರಿ ಹೊರಹಾಕಿದರು. ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಅವನಿಗೆ ಕಾರೊಂದು ಬಡಿಯಿತು. ನಷ್ಟದ ಹೊಣೆಯನ್ನು ಕುಡಿದವನು, ಕಾರಿನ ಚಾಲಕ ಮತ್ತು ಹೋಟೆಲು ಮೂರು ಸಮಪಾಲಾಗಿ ಹೊರಬೇಕೆಂಬ ತೀರ್ಪನ್ನು ಆ ನ್ಯಾಯಾಲಯ 1973ರಲ್ಲಿ ಎತ್ತಿಹಿಡಿಯಿತು. ಕುಡಿದವನ ತಪ್ಪನ್ನು ಮನ್ನಿಸದೆಯೂ ಕುಡಿಸಿದವನ ಪಾಲನ್ನು ಗುರುತಿಸಿದ ಈ ಹಂಚಿಕೆ ನನಗೆ ಬಹಳ ನ್ಯಾಯವಾಗಿ ತೋರುತ್ತದೆ. ಆಸ್ಟ್ರೇಲಿಯಾದ ಹೈಕೋರ್ಟ್ 2009ರಲ್ಲಿ ಇದಕ್ಕೆ ವ್ಯತಿರಿಕ್ತವಾದ ನಿಲುವು ತಳೆಯಿತೆಂಬುದನ್ನೂ ಹೇಳಬೇಕು.

ನಮ್ಮ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿಲ್ಲುವವರು ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ. ಬಾರ್ ಮಾಲೀಕನಿಂದ ಪರಿಹಾರ ಕೇಳಬೇಕಾದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಸಾವು ಸಂಭವಿಸಿದ್ದರೆ 1855ರ ಮಾರಕ ಅಪಘಾತಗಳ ಕಾಯ್ದೆಯಡಿ, ಸಾವಿನ ದಿನದಿಂದ 2 ವರ್ಷದೊಳಗೆ ದಾವೆ ಹೂಡಬೇಕಾಗುತ್ತದೆ. ವಾಹನ ಓಡಿಸಿದ್ದು ಗಿರಾಕಿಯ ಸ್ವಂತ ಕೃತ್ಯ, ತಮಗೂ ಸಾವಿಗೂ ಸಂಬಂಧವಿಲ್ಲ ಎಂದು ಎದುರು ಪಕ್ಷ ವಾದಿಸುವುದು ಖಚಿತ. ಅದಕ್ಕೆ ಉತ್ತರವಾಗಿ ನಾನು ಮುಂದಿಡುವುದು ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣವನ್ನು. 1997ರಲ್ಲಿ 59 ಮಂದಿ ಸತ್ತ ಆ ಬೆಂಕಿ ದುರಂತದಲ್ಲಿ, ಸುರಕ್ಷತಾ ನಿಯಮಗಳನ್ನು ಮುರಿದ ಸನ್ನದುದಾರರು ಪರಿಹಾರಕ್ಕೆ ಹೊಣೆಗಾರರೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಜನರ ರಕ್ಷಣೆಗೆಂದು ಹಾಕಿದ ಷರತ್ತನ್ನು ಮುರಿದು ವ್ಯಾಪಾರ ಮಾಡಿದ ಬಾರಿಗೂ ಇದೇ ತರ್ಕ ಅನ್ವಯಿಸಬೇಕು ಎಂಬುದು ನನ್ನ ವಾದ.

ಆದರೆ ಸಾಕ್ಷ್ಯವಿಲ್ಲದೆ ಯಾವ ವಾದವೂ ನಿಲ್ಲದು. ಬಿ.ಎಂ. ರಸ್ತೆಯಲ್ಲೋ ಬೇಲೂರು ರಸ್ತೆಯಲ್ಲೋ ಅಪಘಾತವಾದಾಗ ಸ್ಥಳ ಮಹಜರು ಆಗುತ್ತದೆ, ಗಾಜಿನ ಚೂರು, ಬ್ರೇಕಿನ ಗುರುತು ದಾಖಲಾಗುತ್ತವೆ, ಚಾಲಕನ ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅವನು ಎಲ್ಲಿ, ಎಷ್ಟು ಹೊತ್ತು ಕುಡಿದನೆಂಬ ಪ್ರಶ್ನೆ ಮಾತ್ರ ದೋಷಾರೋಪಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಷ್ಟರಲ್ಲಿ ಬಾರಿನ ಸಿಸಿಟಿವಿ ದೃಶ್ಯದ ಮೇಲೆ ಹೊಸ ದೃಶ್ಯ ದಾಖಲಾಗಿ ಹಳೆಯದು ಅಳಿದುಹೋಗಿರುತ್ತದೆ. ಆದ್ದರಿಂದ ಮನೆಯವರು ತಿಥಿಕಾರ್ಯ ಮುಗಿಯಲೆಂದು ಕಾಯದೆ, ಬಿಲ್ಲು, ಯುಪಿಐ ಪಾವತಿಯ ವಿವರ, ಸಿಸಿಟಿವಿ ದೃಶ್ಯ ಇವನ್ನು ವಶಪಡಿಸಿಕೊಳ್ಳುವಂತೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ವರದಿ ಅದರ ಆರೇಳು ಪಟ್ಟು ತೋರಿಸಿದರೆ, ಗಿರಾಕಿ ಅಮಲಿನಲ್ಲಿದ್ದುದು ತನಗೆ ತಿಳಿಯಲಿಲ್ಲ ಎಂಬ ಸಪ್ಲಯರ್‌ನ ಮಾತನ್ನು ನಂಬುವುದು ಕಷ್ಟ.

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಹೋಂಸ್ಟೇ ನಡೆಸುವವರಿಗೂ ಒಂದು ಮಾತು. ಸನ್ನದಿಲ್ಲದೆ ಅತಿಥಿಗಳಿಗೆ ಮದ್ಯ ಮಾರುವುದೇ ಅಪರಾಧ. ಗುಂಪಿನಲ್ಲಿ 18 ತುಂಬದವರಿದ್ದು ಅವರಿಗೆ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಬಾಲಕನೊಬ್ಬ ಕಾರು ಓಡಿಸಿ ಇಬ್ಬರು ಸತ್ತಾಗ, ಅವನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಬಾರ್ ನಡೆಸುವವರ ಬಂಧನವಾಯಿತು. ವಯಸ್ಸಿನಲ್ಲಿ ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ; ಕುಡಿದ ಅತಿಥಿ ರಾತ್ರಿ ಘಾಟಿ ಇಳಿಯಲು ಹೊರಟರೆ ಕೀಲಿ ಇಟ್ಟುಕೊಂಡು ಕೋಣೆ ಕೊಡಿ, ಇಲ್ಲವೇ ಬೇರೆ ಚಾಲಕನನ್ನು ಗೊತ್ತುಮಾಡಿ, ಹಾಗೆ ಮಾಡಿದ್ದನ್ನು ರಿಜಿಸ್ಟರಿನಲ್ಲಿ ಸಮಯಸಹಿತ ಬರೆದಿಡಿ.