ಗುಲಾಮರ ಒಡೆಯನ ಪರ ವಾದಿಸಿದ್ದವರು ಇವರೇನಾ?

ಓದುಗರ ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಅಮೆರಿಕದ ರಾಜಕಾರಣಿ ಥ್ಯಾಡಿಯಸ್ ಸ್ಟೀವನ್ಸ್ ಗುಲಾಮಗಿರಿಯ ಕಡು ವಿರೋಧಿ ಅಂತಾರೆ. ಆದರೆ ವಕೀಲರಾಗಿದ್ದಾಗ ಒಬ್ಬ ಒಡೆಯನ ಪರ ನಿಂತು ಕೇಸು ಗೆದ್ದಿದ್ದರಂತೆ, ಹೌದಾ?

ಹೌದು. 1821ರ ಕೇಸು ಅದು. ಹೊರರಾಜ್ಯದ ಒಡೆಯ ತನ್ನ ಗುಲಾಮರನ್ನು ಕರೆತಂದು ಆರು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅವರಿಗೆ ಬಿಡುಗಡೆ ಅನ್ನುವ ಕಾನೂನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಬಂದಿತ್ತು. ಚಾರಿಟಿ ಬಟ್ಲರ್ ಎಂಬ ತಾಯಿಯನ್ನು ಮೇರಿಲ್ಯಾಂಡ್‌ನಿಂದ ಆಗಾಗ ಅಲ್ಲಿಗೆ ಕರೆತರುತ್ತಿದ್ದರು. ಆ ದಿನಗಳನ್ನೆಲ್ಲ ಕೂಡಿದರೆ ಆರು ತಿಂಗಳು ದಾಟುತ್ತದೆ, ನಮ್ಮನ್ನು ಬಿಡಿ ಅಂತ ಅವರ ಕಡೆಯವರು ಕೇಳಿದರು. ಅದೇ ರಾಜ್ಯದ ಗೆಟಿಸ್‌ಬರ್ಗ್ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಸ್ಟೀವನ್ಸ್ ಎದ್ದು ನಿಂತು, ಹಾಗೆ ಬಿಡಿ ದಿನ ಕೂಡಿಸುವಂತಿಲ್ಲ, ಆರು ತಿಂಗಳು ಒಂದೇ ಸಮನೆ ಇದ್ದಿರಬೇಕು ಅಂದರು. ಕೋರ್ಟು ಒಪ್ಪಿತು. ತಾಯಿ ಮಕ್ಕಳು ಗುಲಾಮರಾಗಿಯೇ ಉಳಿದರು.

'ಕಾಲ ಹಾಗಿತ್ತು' ಅಂತ ಇದನ್ನು ತೇಲಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಆ ಕಾಲದಲ್ಲೇ ಚಾರಿಟಿಯ ಪರವೂ ವಾದಿಸಿದವರು ಇದ್ದರಲ್ವಾ?

ಆದರೆ ಮುಂದಿನದ್ದೂ ಅಷ್ಟೇ ನಿಜ. 1833ರಲ್ಲಿ ಅವರು ರಾಜ್ಯದ ಶಾಸಕರಾದರು. 1835ರಲ್ಲಿ ಬಡ ಮಕ್ಕಳಿಗೂ ಸಿಗುತ್ತಿದ್ದ ಉಚಿತ ಶಾಲೆಯ ಕಾನೂನನ್ನೇ ಬೇರೆ ಶಾಸಕರು ರದ್ದು ಮಾಡಲು ಹೊರಟಾಗ ಒಂದು ಭಾಷಣದಿಂದ ಅದನ್ನು ಉಳಿಸಿಕೊಂಡರು. 1838ರಲ್ಲಿ ರಾಜ್ಯದ ಹೊಸ ಸಂವಿಧಾನ ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡಿತು, ಅದನ್ನು ಬರೆದ ಸಭೆಯಲ್ಲಿ ಕೂತಿದ್ದ ಸ್ಟೀವನ್ಸ್ ಸಹಿ ಹಾಕಲೇ ಇಲ್ಲ. ಅದೇ ರಾಜ್ಯದ ಲ್ಯಾಂಕಾಸ್ಟರ್ ಊರಿಗೆ ಹೋದ ಮೇಲೆ, ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಒಪ್ಪದೆ ದೇಶದ್ರೋಹದ ಆರೋಪ ಹೊತ್ತವರ ಪರ 1851ರಲ್ಲಿ ನಿಂತರು.

ಅಮೆರಿಕದ ಸಂಸತ್ತಿನಲ್ಲಿ ಅಂತರ್ಯುದ್ಧದ ಖರ್ಚಿಗೆ ದುಡ್ಡು ಹೊಂದಿಸುವ ಸಮಿತಿ ಅವರ ಕೈಯಲ್ಲಿತ್ತು. 1863ರಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಹೊರಟಿದ್ದ ದಕ್ಷಿಣದ ರಾಜ್ಯಗಳ ಸೈನ್ಯ ಅವರ ಕಬ್ಬಿಣದ ಕಾರ್ಖಾನೆ ಸುಟ್ಟುಹಾಕಿತು. 1865ರ ಜನವರಿ 31ರಂದು ಅವರು ಬೆಂಬಲಿಸಿದ್ದ, ಗುಲಾಮಗಿರಿ ಅಳಿಸುವ ಸಂವಿಧಾನದ 13ನೇ ತಿದ್ದುಪಡಿ ಕೆಳಮನೆಯಲ್ಲಿ 119-56 ಮತಗಳಿಂದ ಪಾಸಾಯಿತು. ಕಾನೂನಿನ ಒಂದು ಸಾಲನ್ನು ಹಿಗ್ಗಿಸಿ ಕುಗ್ಗಿಸಿ ಒಬ್ಬರ ಬದುಕನ್ನೇ ಮುಗಿಸಬಹುದು ಅಂತ ಚೆನ್ನಾಗಿ ಬಲ್ಲವರು ಅವರು. ಅದಕ್ಕೇ ಹಕ್ಕುಗಳನ್ನು ಸಂವಿಧಾನದಲ್ಲೇ ಬರೆಸಬೇಕು ಅಂತ ಪಟ್ಟು ಹಿಡಿದರೇನೋ ಅಂತ ನನಗನ್ನಿಸುತ್ತದೆ.

1868ರಲ್ಲಿ, ಅಧ್ಯಕ್ಷ ಜಾನ್ಸನ್‌ರನ್ನು ಪದವಿಯಿಂದ ಇಳಿಸಬೇಕೇ ಅನ್ನುವ ವಿಚಾರಣೆಯ ಹೊತ್ತಿಗೆ ಸ್ಟೀವನ್ಸ್ ಮೈ ಪೂರ್ತಿ ಸೋತಿತ್ತು, ಕುರ್ಚಿಯಲ್ಲಿ ಹೊತ್ತು ತರಬೇಕಿತ್ತು. ಆ ಆಗಸ್ಟ್‌ನಲ್ಲೇ ತೀರಿಕೊಂಡರು. ಲ್ಯಾಂಕಾಸ್ಟರ್‌ನ ಬೇರೆ ಸ್ಮಶಾನಗಳಲ್ಲಿ ಬಿಳಿಯರಿಗಷ್ಟೇ ಜಾಗ ಅನ್ನುವ ನಿಯಮವಿತ್ತು. ಅವರು ಎಲ್ಲರನ್ನೂ ಹೂಳುತ್ತಿದ್ದ ಒಂದು ಸಣ್ಣ ಸ್ಮಶಾನವನ್ನು ಆರಿಸಿಕೊಂಡಿದ್ದರು. ಯಾಕೆ ಆರಿಸಿದೆ ಅನ್ನುವುದನ್ನು ಗೋರಿಯ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ, ಈಗಲೂ ಓದಬಹುದು.