ಸೆಕೆಂಡರಿ ಸರ್ವರ್ ಸುಮ್ನೆ ಕೂತಿರಲ್ಲ ಸ್ವಾಮಿ, ಎಡಿಷನ್ ನೋಡಿ ಹಾಕಿ

"ಸ್ಟ್ಯಾಂಡ್‌ಬೈ ಮೆಷಿನ್ ತಾನೇ, ಸುಮ್ನೆ ಕೂತಿರತ್ತೆ, ಅದಕ್ಕ್ಯಾಕೆ ದುಬಾರಿ ಎಡಿಷನ್, ಡೆವಲಪರ್ ಎಡಿಷನ್ ಹಾಕ್ಬಿಡಿ, ಫ್ರೀ ಇದೆ." ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸ್ ನೋಡ್ಕೊಳ್ಳೋರ ಬಾಯಲ್ಲೇ ಈ ಮಾತು ಕೇಳಿದ್ರೆ ನಂಗೆ ನಿಜವಾಗ್ಲೂ ಕಳವಳ ಆಗತ್ತೆ. ಎಡಿಷನ್ ಅಂದ್ರೆ ಒಂದೇ ಸಾಫ್ಟ್‌ವೇರನ್ನ ಬೇರೆ ಬೇರೆ ಫೀಚರ್, ಬೇರೆ ಬೇರೆ ಬೆಲೆ ಇಟ್ಟು ಮಾರೋ ರೂಪ. ಆ ಮಾತಿನೊಳಗೆ ಎರಡು ತಪ್ಪು ನಂಬಿಕೆ ಸೇರ್ಕೊಂಡಿವೆ. ಸೆಕೆಂಡರಿ (ಮುಖ್ಯ ಮೆಷಿನ್, ಅಂದ್ರೆ ಪ್ರೈಮರಿ, ಬಿದ್ರೆ ಅದ್ರ ಜಾಗಕ್ಕೆ ಬರೋ ಈ ಸ್ಟ್ಯಾಂಡ್‌ಬೈ) ಕೆಲಸ ಮಾಡಲ್ಲ ಅನ್ನೋದು ಒಂದು, ಕೆಲಸ ಮಾಡದ ಮೆಷಿನ್‌ಗೆ ಲೈಸೆನ್ಸ್ ಲೆಕ್ಕ ಇಲ್ಲ ಅನ್ನೋದು ಇನ್ನೊಂದು.

ಮೊದಲನೇದು ತಗೊಳ್ಳೋಣ, ಯಾಕಂದ್ರೆ ಇದ್ರ ಹಿಂದಿರೋ ವಿಚಾರ ಅಷ್ಟು ಚೆನ್ನಾಗಿದೆ. ಡೇಟಾಬೇಸ್‌ನಲ್ಲಿ ಏನೇ ಬದಲಾದ್ರೂ ಅದು ಮೊದಲು ಲಾಗ್‌ಗೆ ಹೋಗತ್ತೆ, ಡೇಟಾ ಪೇಜ್ (ಡೇಟಾ ಇಟ್ಟಿರೋ ಸಣ್ಣ ತುಂಡು) ಡಿಸ್ಕಿಗೆ ಇಳಿಯೋದು ಆಮೇಲೆ ಯಾವಾಗ್ಲೋ. ವ್ಯಾಪಾರದವರು ಮೊದಲು ಕಿರ್ದಿಲಿ ಬರ್ಕೊಂಡು ಪುರುಸೊತ್ತಾದಾಗ ಖತಾವಣಿಗೆ ಏರಿಸ್ತಾರಲ್ಲ, ಹಾಗೇ. ಒಂದೊಂದು ಲಾಗ್ ದಾಖಲೆಗೂ ಏರ್ತಾ ಹೋಗೋ ಒಂದು ಕ್ರಮ ಸಂಖ್ಯೆ ಇರತ್ತೆ, ಎಲ್‌ಎಸ್‌ಎನ್ ಅಂತಾರೆ. ಜೊತೆಗೆ ಯಾವ ಪೇಜು, ಅದ್ರಲ್ಲಿ ಮೊದಲು ಏನಿತ್ತು, ಈಗ ಏನಾಯ್ತು ಅನ್ನೋದೂ ಇರತ್ತೆ. ಪೇಜಿನ ತಲೆಯಲ್ಲೂ ಅದನ್ನ ಕೊನೇ ಸಲ ಮುಟ್ಟಿದ ದಾಖಲೆಯ ಎಲ್‌ಎಸ್‌ಎನ್ ಬರೆದಿರತ್ತೆ. ಈಗ ಕರೆಂಟ್ ಹೋಗಿ ಮೆಷಿನ್ ಬಿತ್ತು ಅನ್ಕೊಳ್ಳಿ, ಎದ್ದ ಮೇಲೆ ಲಾಗ್ ಓದ್ತಾ ಬರತ್ತೆ, ಪೇಜ್ ಮೇಲಿನ ನಂಬರು ದಾಖಲೆಯ ನಂಬರಿಗೆ ಸಮ ಅಥವಾ ದೊಡ್ಡದಿದ್ರೆ ಈ ಕೆಲಸ ಆಗ್ಲೇ ಆಗಿದೆ ಅಂತ ಮುಂದೆ ಹೋಗತ್ತೆ, ಚಿಕ್ಕದಿದ್ರೆ ಮತ್ತೆ ಮಾಡತ್ತೆ. ಕಮಿಟ್ ಆಗದೆ ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್‌ಗಳನ್ನ ಆಮೇಲೆ ವಾಪಸ್ ತೆಗೆಯತ್ತೆ. ಈ ಓದಾಟದ ಮಧ್ಯದಲ್ಲೇ ಇನ್ನೊಂದು ಸಲ ಕರೆಂಟ್ ಹೋದ್ರೂ ಏನೂ ಕೆಡಲ್ಲ. ಐಬಿಎಂನಲ್ಲಿದ್ದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಏರೀಸ್ ಅನ್ನೋ ಹೆಸರಲ್ಲಿ ಇದನ್ನ ಪೂರ್ತಿಯಾಗಿ ಬರೆದಿಟ್ರು, ಡಿಬಿ2, ಎಸ್‌ಕ್ಯೂಎಲ್ ಸರ್ವರ್ ಎರಡರ ರಿಕವರಿಯೂ ಇದೇ ದಾರಿ ಹಿಡಿದಿದೆ.

ಇದೇ ಲಾಗನ್ನ ಇನ್ನೊಂದು ಮೆಷಿನ್‌ಗೆ ಕಳಿಸಿ ಅಲ್ಲಿ ಓಡಿಸ್ತಾ ಇದ್ರೆ ಅದೇ ಸೆಕೆಂಡರಿ! ಅಂದ್ರೆ ಅದು ಯಾವತ್ತೂ ಮುಗಿಯದ ಒಂದು ಕ್ರ್ಯಾಶ್ ರಿಕವರಿ. ಪ್ರೈಮರಿಲಿ ನಡೆದ ಪ್ರತಿ ಬರವಣಿಗೆನೂ ಅಲ್ಲಿ ಮತ್ತೆ ನಡೀತಾನೇ ಇರತ್ತೆ.

ಎಡಿಷನ್ ಬಗ್ಗೆ ಉದಾಸೀನ ಮಾಡಿದ್ರೆ ಸಿಕ್ಕಿಹಾಕ್ಕೊಳ್ಳೋದು ಈ ಮುಗಿಯದಿರೋ ಗುಣದಿಂದ್ಲೇ. ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ ಟೇಬಲ್ ಕಂಪ್ರೆಷನ್ (ಡೇಟಾನ ಅದುಮಿ ಇಡೋ ಫೀಚರ್) ದುಬಾರಿ ಎಂಟರ್‌ಪ್ರೈಸ್ ಎಡಿಷನ್‌ನಲ್ಲಿ ಮಾತ್ರ ಇತ್ತು. ಪ್ರೈಮರಿ ಎಂಟರ್‌ಪ್ರೈಸ್, ಸೆಕೆಂಡರಿ ಅದಕ್ಕಿಂತ ಅಗ್ಗದ ಸ್ಟ್ಯಾಂಡರ್ಡ್, ಮಧ್ಯೆ ಲಾಗ್ ಶಿಪ್ಪಿಂಗ್ ಅನ್ಕೊಳ್ಳಿ. 15 ನಿಮಿಷಕ್ಕೊಂದು ಲಾಗ್ ಬ್ಯಾಕಪ್ ಬರತ್ತೆ, ರಿಸ್ಟೋರ್ ಆಗತ್ತೆ, ಜಾಬ್ ಹಿಸ್ಟರಿಲಿ ಎಲ್ಲಾ ಹಸಿರು, ಡೇಟಾಬೇಸ್ ಪಕ್ಕದಲ್ಲಿ "ರಿಸ್ಟೋರಿಂಗ್" ಅಂತ ಇರತ್ತೆ. ತಿಂಗಳುಗಟ್ಟಲೆ ಯಾರಿಗೂ ಏನೂ ಗೊತ್ತಾಗಲ್ಲ, ಯಾಕಂದ್ರೆ ಈ ಫೀಚರ್ ಈ ಎಡಿಷನ್‌ನಲ್ಲಿ ಇದ್ಯಾ ಅನ್ನೋ ಪರೀಕ್ಷೆ ನಡೆಯೋದು ರಿಕವರಿ ಮುಗಿದು ಡೇಟಾಬೇಸ್ ಶುರುವಾಗೋ ಹೊತ್ತಿಗೆ. ಅಂದ್ರೆ ಪ್ರೈಮರಿ ಸತ್ತ ದಿನ! ಅವತ್ತು ಡೇಟಾಬೇಸ್ ತೆರೆಯೋ "ವಿತ್ ರಿಕವರಿ" ಆಜ್ಞೆ ಕೊಟ್ಟ ತಕ್ಷಣ ಈ ಡೇಟಾಬೇಸನ್ನ ಈ ಎಡಿಷನ್‌ನಲ್ಲಿ ಶುರು ಮಾಡೋಕಾಗಲ್ಲ ಅಂತ ಬರತ್ತೆ. 2016ರ ಸರ್ವಿಸ್ ಪ್ಯಾಕ್ 1ರಲ್ಲಿ ಕಂಪ್ರೆಷನ್, ಪಾರ್ಟಿಷನಿಂಗ್ (ದೊಡ್ಡ ಟೇಬಲನ್ನ ತುಂಡು ಮಾಡಿ ಇಡೋದು) ಸ್ಟ್ಯಾಂಡರ್ಡ್‌ಗೂ ಬಂದ್ವು, ಟಿಡಿಇ ಎನ್‌ಕ್ರಿಪ್ಷನ್ (ಡಿಸ್ಕಲ್ಲಿರೋ ಡೇಟಾನ ಗುಪ್ತವಾಗಿ ಬರೆದಿಡೋದು) 2019ರಲ್ಲಿ ಬಂತು. ಆದ್ರೆ ಹಳೇ ವರ್ಷನ್ ಓಡಿಸ್ತಿರೋರು ಪ್ರೈಮರಿಲಿ ಪರ್ಸಿಸ್ಟೆಡ್ ಎಸ್‌ಕೆಯು ಫೀಚರ್ಸ್ ಅನ್ನೋ ವ್ಯೂ ಇವತ್ತೇ ತೆಗೆದು ನೋಡಿ, ಎಡಿಷನ್‌ಗೆ ಅಂಟಿಕೊಂಡಿರೋ ಫೀಚರ್‌ಗಳು ಅಲ್ಲೇ ಕಾಣತ್ವೆ.

ಡೇಟಾಬೇಸ್ ಶುರು ಆಯ್ತು ಅಂತಾನೇ ಇಟ್ಕೊಳ್ಳಿ, 2022ರ ವರ್ಷನ್‌ನಲ್ಲೂ ಸ್ಟ್ಯಾಂಡರ್ಡ್ ಎಡಿಷನ್‌ನ ಬಫರ್ ಪೂಲ್ (ಡೇಟಾ ಪೇಜ್ ಇಟ್ಕೊಳ್ಳೋ ಮೆಮೊರಿ) 128 ಜಿಬಿ, ಕೋರ್ 24 ದಾಟಲ್ಲ. 500 ಜಿಬಿ ಮೆಮೊರಿ ತಿಂತಿದ್ದ ಪ್ರೈಮರಿಯ ಲೋಡನ್ನ ಇದ್ರ ಮೇಲೆ ಇಳಿಸಿದ್ರೆ ಏನಾಗತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ಎಕ್ಸ್‌ಪ್ರೆಸ್ ವಿಷಯ ಬಿಡಿ, ಅದು ಮಿರರಿಂಗ್‌ನಲ್ಲಿ (ಎರಡು ಮೆಷಿನ್‌ನಲ್ಲಿ ಒಂದೇ ಡೇಟಾಬೇಸ್ ಜೊತೆಜೊತೆಗೆ ಇಡೋ ಹಳೇ ವಿಧಾನ) ಯಾವುದು ಪ್ರೈಮರಿ ಅಂತ ತೀರ್ಮಾನಿಸೋಕೆ ನೆರವಾಗೋ ವಿಟ್ನೆಸ್ ಆಗೋಕೆ ಸಾಕು, ಅಷ್ಟೇ. ಸ್ಟ್ಯಾಂಡರ್ಡ್‌ನಲ್ಲಿ 2016ರಿಂದ ಬೇಸಿಕ್ ಅವೈಲಬಿಲಿಟಿ ಗ್ರೂಪ್ (ಲಾಗನ್ನ ಸೆಕೆಂಡರಿಗೆ ಹರಿಸ್ತಾನೇ ಇರೋ ಜೋಡಿ) ಸಿಗತ್ತೆ, ಒಂದು ಗ್ರೂಪಿಗೆ ಒಂದೇ ಡೇಟಾಬೇಸ್, ಎರಡೇ ರೆಪ್ಲಿಕಾ (ಪ್ರತಿ), ಸೆಕೆಂಡರಿಲಿ ಓದೋ ಹಾಗಿಲ್ಲ. ಸಣ್ಣ ವ್ಯವಸ್ಥೆಗೆ ಇಷ್ಟು ಧಾರಾಳ ಸಾಕು ಅನ್ನೋದು ನನ್ನ ಅಭಿಪ್ರಾಯ. ಎಂಟರ್‌ಪ್ರೈಸ್‌ಗೆ ಸುಮಾರು 4 ಪಟ್ಟು ದುಡ್ಡು ಕೊಡೋ ಮುಂಚೆ ಇದನ್ನ ನೋಡಿ.

ಇನ್ನು ಲೈಸೆನ್ಸ್. ಸಾಫ್ಟ್‌ವೇರ್‌ಗೆ ಬೇರೆ ಬಿಲ್ ಹಾಕೋದು ಮೊದಲಿಂದಲೂ ಇದ್ದದ್ದಲ್ಲ. 1969ರ ಜೂನ್‌ನಲ್ಲಿ ಐಬಿಎಂ ಸಾಫ್ಟ್‌ವೇರ್‌ಗೆ ಪ್ರತ್ಯೇಕ ಬೆಲೆ ಇಡ್ತೀವಿ ಅಂತ ಘೋಷಿಸೋವರೆಗೆ ಅದು ಬಹುತೇಕ ಕಂಪ್ಯೂಟರ್ ಜೊತೆಗೇ ಬರ್ತಿತ್ತು. ಬೇರೆ ಮಾರೋಕೆ ಶುರು ಮಾಡಿದ ಮೇಲೆ ಯಾವುದನ್ನ ಎಣಿಸ್ಬೇಕು ಅನ್ನೋ ಪ್ರಶ್ನೆ ಬಂತು, ಎಸ್‌ಕ್ಯೂಎಲ್ ಸರ್ವರ್ ಪ್ರೊಸೆಸರ್ ಎಣಿಸ್ತಾ ಇತ್ತು, 2012ರಲ್ಲಿ ಕೋರ್ ಎಣಿಸೋಕೆ ಶುರು ಮಾಡ್ತು, ವರ್ಚುವಲ್ ಮೆಷಿನ್ ಎಷ್ಟೇ ಚಿಕ್ಕದಿರ್ಲಿ ಕನಿಷ್ಠ 4 ಕೋರ್.

ಲಾಗ್ ಓಡಿಸ್ತಾ ಬರೀ ಕಾಯ್ತಿರೋ, ಬೇರೆ ಯಾರ ಕೆಲಸಾನೂ ಮಾಡದ (ಪ್ಯಾಸಿವ್) ಸೆಕೆಂಡರಿಗೆ ರಿಯಾಯಿತಿ ಇದೆ, ನಿಜ. 2012ರ ವರ್ಷನ್ ತನಕ ಒಂದು ಪ್ಯಾಸಿವ್ ಸರ್ವರ್ ಬೇರೆ ಲೈಸೆನ್ಸ್ ಇಲ್ದೆ ಹಾಗೇ ಸಿಗ್ತಿತ್ತು, 2014ರಿಂದ ಪ್ರೈಮರಿಗೆ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸ್ ಜೊತೆಗೆ ಬೇರೆ ದುಡ್ಡು ಕೊಟ್ಟು ತಗೊಳ್ಳೋ ಒಪ್ಪಂದ) ಇದ್ರೆ ಮಾತ್ರ. 2019ರ ನವೆಂಬರ್‌ನಿಂದ ಆ ಅಶ್ಯೂರೆನ್ಸ್ ಇದ್ದೋರಿಗೆ ಫೇಲೋವರ್‌ಗೆ (ಪ್ರೈಮರಿ ಬಿದ್ರೆ ಕೆಲಸ ವಹಿಸ್ಕೊಳ್ಳೋಕೆ) ಒಂದು, ವಿಪತ್ತಿಗೆ ಅಂತ ದೂರದಲ್ಲಿ ಒಂದು, ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ಇನ್ನೊಂದು. ಆ ಸೆಕೆಂಡರಿಗಳ ಮೇಲೆ ಬ್ಯಾಕಪ್ ತಗೋಬಹುದು, ಡೇಟಾ ಕೆಟ್ಟಿದ್ಯಾ ಅಂತ ನೋಡೋ ಚೆಕ್‌ಡಿಬಿ ಓಡಿಸ್ಬಹುದು. ಆದ್ರೆ ಯಾರೋ ಒಬ್ರು ರಾತ್ರಿ ರಿಪೋರ್ಟನ್ನ ಸೆಕೆಂಡರಿಯಿಂದ ತೆಗೆದ್ರೂ ಅದು ಪ್ಯಾಸಿವ್ ಅಲ್ಲ, ಎಲ್ಲಾ ಕೋರ್‌ಗೂ ಲೈಸೆನ್ಸ್ ಬೇಕು. ಡೆವಲಪರ್ ಎಡಿಷನ್ ಅಂತೂ ಇಲ್ಲಿಗೆ ಬರೋ ಹಾಗೇ ಇಲ್ಲ, ಅದ್ರಲ್ಲಿ ಎಂಟರ್‌ಪ್ರೈಸ್ ಫೀಚರ್ ಎಲ್ಲಾ ಇದೆ, ಆದ್ರೆ ಅನುಮತಿ ಇರೋದು ಡೆವಲಪ್‌ಮೆಂಟ್‌ಗೆ, ಟೆಸ್ಟಿಂಗ್‌ಗೆ. ಪ್ರೊಡಕ್ಷನ್‌ನ ಸ್ಟ್ಯಾಂಡ್‌ಬೈ ಕೂಡ ಪ್ರೊಡಕ್ಷನ್ನೇ.

ಇನ್ನೊಂದು ಡೇಟಾಬೇಸ್ ಆದ ಒರಾಕಲ್ ಈ ವಿಷಯದಲ್ಲಿ ಇನ್ನೂ ಬಿಗಿ. ಒಂದೇ ಸ್ಟೋರೇಜ್ ಹಂಚ್ಕೊಂಡ ಕ್ಲಸ್ಟರ್ ಆದ್ರೆ ಬಿಡುವಿನ ಮೆಷಿನ್‌ನಲ್ಲಿ ವರ್ಷಕ್ಕೆ 10 ದಿನ ಲೈಸೆನ್ಸ್ ಇಲ್ದೆ ಓಡಿಸ್ಬಹುದು, ಎರಡು ಗಂಟೆ ಓಡಿಸಿದ್ರೂ ಒಂದು ದಿನ ಖರ್ಚು. "10 ದಿನ ಫ್ರೀ ಇದ್ಯಲ್ಲ" ಅಂತ ಇದನ್ನ ಡೇಟಾ ಗಾರ್ಡ್ (ರೀಡೂ ಅನ್ನೋ ಒರಾಕಲ್ ಲಾಗನ್ನ ಇನ್ನೊಂದು ಮೆಷಿನ್‌ಗೆ ಕಳಿಸೋ ವ್ಯವಸ್ಥೆ) ಸ್ಟ್ಯಾಂಡ್‌ಬೈಗೂ ಹಚ್ಚೋರಿದ್ದಾರೆ, ಅದು ತಪ್ಪು, ಅಲ್ಲಿ ಸ್ಟ್ಯಾಂಡ್‌ಬೈಗೆ ಪೂರ್ತಿ ಲೈಸೆನ್ಸ್ ಬೇಕು. ಡೇಟಾ ಗಾರ್ಡ್ ಎಂಟರ್‌ಪ್ರೈಸ್‌ನಲ್ಲಿ ಮಾತ್ರ ಇರೋದು. ರೀಡೂ ಹಚ್ತಿರೋವಾಗ್ಲೇ ಓದೋಕೂ ಬಿಟ್ರೆ ಅದು ಆಕ್ಟಿವ್ ಡೇಟಾ ಗಾರ್ಡ್, ಬೇರೆ ದುಡ್ಡು, ಫೀಚರ್ ಬಳಕೆಯ ಲೆಕ್ಕವನ್ನ ಡೇಟಾಬೇಸೇ ಒಳಗೆ ಬರೆದಿಟ್ಕೊಳ್ಳತ್ತೆ.

ಇದೆಲ್ಲಾ ಬೇಡ ಅಂತ ಫ್ರೀ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಹೋದ್ರೆ ಎಡಿಷನ್ ಇಲ್ಲ, ಬಿಲ್ ಇಲ್ಲ, 2010ರ 9.0ಯಿಂದ ಸ್ಟ್ರೀಮಿಂಗ್ ರೆಪ್ಲಿಕೇಷನ್ನೂ (ಲಾಗನ್ನ ಸ್ಟ್ಯಾಂಡ್‌ಬೈಗೆ ಹರಿಸ್ತಾನೇ ಇರೋದು) ಇದೆ, ಸ್ಟ್ಯಾಂಡ್‌ಬೈಲಿ ಓದೋಕೂ ಬಿಡತ್ತೆ. ಆದ್ರೂ ಲಾಗ್ ತನ್ನ ಷರತ್ತು ಬಿಡಲ್ಲ: ಎರಡೂ ಕಡೆ ಮೇಜರ್ ವರ್ಷನ್ ಒಂದೇ ಇರ್ಬೇಕು, ಮತ್ತೆ ದುಡ್ಡು ಉಳಿಸೋಕೆ ಚಿಕ್ಕ ಮೆಷಿನ್ ಹಾಕಿ ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟಿಗೆ ಎಷ್ಟು ಸಂಪರ್ಕ ಬಿಡ್ಬೇಕು ಅನ್ನೋ ಸೆಟ್ಟಿಂಗ್) ಅನ್ನ ಪ್ರೈಮರಿಗಿಂತ ಕಮ್ಮಿ ಇಟ್ರೆ ಓದೋಕೆ ಬಿಡೋ ಈ ಹಾಟ್ ಸ್ಟ್ಯಾಂಡ್‌ಬೈ ಶುರುವಾಗೋದೇ ಇಲ್ಲ. ಇಲ್ಲಿ ಒಂದು ಸಮಾಧಾನ ಅಂದ್ರೆ ಆ ಎರರ್ ಸ್ಟ್ಯಾಂಡ್‌ಬೈ ಕಟ್ಟೋ ದಿನಾನೇ ಬರತ್ತೆ.