ಸ್ನಾಯು ಸಡಿಲವಾಗುವುದಕ್ಕೂ ಶಕ್ತಿ ಬೇಕು

ಸಾವು ಸಂಭವಿಸಿದ ಕೆಲವೇ ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳತೊಡಗುತ್ತದೆ. ಮೊದಲು ಕಣ್ಣುರೆಪ್ಪೆ, ದವಡೆ, ಕುತ್ತಿಗೆ, ಆಮೇಲೆ ಕೈಕಾಲು. ಸ್ನಾಯು ಬಿಗಿಯುವುದಕ್ಕೆ ಮಾತ್ರ ಶಕ್ತಿ ಬೇಕು, ಶಕ್ತಿ ತೀರಿದರೆ ಅದು ತಾನಾಗಿ ಸಡಿಲವಾಗುತ್ತದೆ ಎಂಬ ನಮ್ಮ ಸಹಜ ತಿಳಿವಳಿಕೆ ಸರಿಯಾಗಿದ್ದರೆ, ಉಸಿರು ನಿಂತ ಮೇಲೆ ದೇಹ ಹೀಗೆ ಮರಗಟ್ಟಲು ಕಾರಣವೇ ಇರಲಿಲ್ಲ.

ಸ್ನಾಯುಕೋಶದೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ತೆಳು ಎಳೆಗಳೂ ಮಯೋಸಿನ್ನಿನ ದಪ್ಪ ಎಳೆಗಳೂ ಒಂದರ ನಡುವೆ ಒಂದು ಸೇರಿಕೊಂಡು, ಸುಮಾರು 2 ಮೈಕ್ರೋಮೀಟರ್ ಉದ್ದದ ಘಟಕಗಳಾಗಿ ಸಾಲುಗಟ್ಟಿವೆ. ಸಂಕೋಚನದಲ್ಲಿ ಈ ಎಳೆಗಳು ಗಿಡ್ಡವಾಗುವುದಿಲ್ಲ. ಹೆಣೆದ ಬೆರಳುಗಳು ಇನ್ನಷ್ಟು ಒಳಕ್ಕೆ ಸರಿಯುವಂತೆ ಒಂದರ ಮೇಲೊಂದು ಜಾರುತ್ತವೆ. ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ಮಂಡಿಸಿದರು. ಸೂಕ್ಷ್ಮದರ್ಶಕದಲ್ಲಿ ದಪ್ಪ ಎಳೆಗಳಿರುವ ಭಾಗವಾಗಿ ಕಾಣುವ ಕಪ್ಪು ಪಟ್ಟಿಯ ಅಗಲ ಬದಲಾಗದೆ, ತೆಳು ಎಳೆಗಳಷ್ಟೇ ಇರುವ ಬಿಳಿ ಪಟ್ಟಿ ಮಾತ್ರ ಕಿರಿದಾಗುತ್ತಿದ್ದುದು ಅವರಿಗೆ ಸಿಕ್ಕ ಮುಖ್ಯ ಸಾಕ್ಷ್ಯ.

ಎಳೆಗಳನ್ನು ಜಾರಿಸುವುದು ಮಯೋಸಿನ್ನಿನ ಪುಟ್ಟ ತಲೆಗಳು. ಅವು ಆಕ್ಟಿನ್ನನ್ನು ಹಿಡಿದು, ಕೆಲವು ನ್ಯಾನೊಮೀಟರ್‌ಗಳಷ್ಟು ಎಳೆದು, ಹಿಡಿತ ಬಿಟ್ಟು, ಮತ್ತೆ ಮುಂದಕ್ಕೆ ಹಿಡಿಯುತ್ತವೆ. ಇಲ್ಲಿ ಗಮನಿಸಬೇಕಾದುದು ಬಿಡುವ ಕ್ಷಣವನ್ನು: ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವೊಂದು ಬಂದು ಕೂತರೆ ಮಾತ್ರ ಮಯೋಸಿನ್ ತಲೆ ಆಕ್ಟಿನ್ನಿನಿಂದ ಕಳಚಿಕೊಳ್ಳುತ್ತದೆ. ಸತ್ತ ದೇಹದಲ್ಲಿ ಎಟಿಪಿ ಮುಗಿದಿರುವುದರಿಂದ ಹಿಡಿದ ತಲೆಗಳು ಹಿಡಿದಂತೆಯೇ ಉಳಿದುಬಿಡುತ್ತವೆ. ನಮ್ಮ ಪಠ್ಯಪುಸ್ತಕಗಳು ಎಳೆಯುವುದಕ್ಕೆ ಕೊಡುವಷ್ಟೇ ಮಹತ್ವವನ್ನು ಈ ಬಿಡುವ ಕ್ರಿಯೆಗೂ ಕೊಡಬೇಕೆಂದು ನನ್ನ ಅನಿಸಿಕೆ.

ಹಿಡಿಯಲು ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಲಂಡನ್ನಿನ ನಲ್ಲಿ ನೀರಿನಿಂದ ಮಾಡಿದ ಉಪ್ಪಿನ ದ್ರಾವಣದಲ್ಲಿ ಚೆನ್ನಾಗಿ ಮಿಡಿಯುತ್ತಿದ್ದ ಕಪ್ಪೆಯ ಹೃದಯ, ಭಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಸೋತು ನಿಂತದ್ದನ್ನು ಕಂಡ ಇಂಗ್ಲೆಂಡಿನ ವೈದ್ಯ ಸಿಡ್ನಿ ರಿಂಗರ್, ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಈ ವ್ಯತ್ಯಾಸಕ್ಕೆ ಕಾರಣವೆಂದು 1883ರಲ್ಲಿ ಪ್ರಕಟಿಸಿದರು. ಸ್ನಾಯು ಸಡಿಲವಾಗಬೇಕಾದರೆ ಕೋಶದೊಳಗಿನ ಸಂಗ್ರಹ ಚೀಲಗಳಿಂದ ಹೊರಬಂದು ಹರಡಿದ ಕ್ಯಾಲ್ಸಿಯಂ ಮತ್ತೆ ಆ ಚೀಲಗಳಿಗೆ ಮರಳಬೇಕು. ಅದನ್ನು ಮರಳಿಸುವ ಪಂಪುಗಳೂ ಎಟಿಪಿಯನ್ನೇ ಖರ್ಚು ಮಾಡುತ್ತವೆ.

ಹೃದಯದ ಮಟ್ಟಿಗೆ ಇದು ಜೀವನ್ಮರಣದ ಪ್ರಶ್ನೆ, ಏಕೆಂದರೆ ಅದರ ಕೋಣೆಗಳಿಗೆ ರಕ್ತ ತುಂಬುವುದೇ ಸಡಿಲವಾದಾಗ. ಹೃದಯ ವೈಫಲ್ಯಕ್ಕೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಹೃದಯದಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು ಹೆಚ್ಚುಕಡಿಮೆ ಸಾಮಾನ್ಯವಾಗಿಯೇ ಇರುತ್ತದೆ. ಅವರ ಹೃದಯ ಪೆಡಸಾಗಿ, ಸಡಿಲವಾಗಲು ತಡಮಾಡುವುದೇ ತೊಂದರೆಯ ಮುಖ್ಯ ಮೂಲ. ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಾದ ಎಕೋದ ವರದಿಯಲ್ಲಿ ‘ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂದು ಬರೆದಿದ್ದರೆ ಅದು ಸೂಚಿಸುವುದು ಇದನ್ನೇ.